ಅರ್ಧ ಸುತ್ತಿನ ಉಪಗ್ರಹ

ಉಪಗ್ರಹ ಹಾರಿದರೆ ಪತ್ರಿಕೆಯಲ್ಲಿ ಬರುತ್ತದೆ. ಅದರ ಲೆಕ್ಕ ತಪ್ಪಿದರೆ ನನಗೆ ಫೋನ್ ಬರುತ್ತದೆ. ಉಪಗ್ರಹ ಕೇಂದ್ರದಿಂದ ನಿವೃತ್ತನಾಗಿ ಕುಂದಾಪುರಕ್ಕೆ ಬಂದ ಮೇಲೂ ಇದು ನಿಂತಿಲ್ಲ.

ಬ್ರಹ್ಮಾವರದ ಕಡೆಯ ಒಂದು ಕಾಲೇಜಿನವರು ಬಿಸ್ಕತ್ ಡಬ್ಬಿಯಷ್ಟು ದೊಡ್ಡ ಉಪಗ್ರಹ ಕಟ್ಟಿ ಮೇಲೆ ಕಳುಹಿಸಿದ್ದರು. ಅದು ತಿರುಗಿ ನಮ್ಮ ಕರಾವಳಿಯ ಚಿತ್ರ ತೆಗೆಯಬೇಕು. ಹೇಗೆ ತಿರುಗುತ್ತದೆ ಎಂದು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿರುತ್ತದೆ. ಹೇಗೆ ತಿರುಗಿತು ಎಂದು ಉಪಗ್ರಹ ಹೇಳಿ ಕಳುಹಿಸುತ್ತದೆ. ಎರಡನ್ನೂ ಗೆರೆಗಳಾಗಿ ಬರೆಸಿ ತಾಳೆ ನೋಡುವುದು ನನ್ನ ಕೆಲಸ. ತಾಳೆಯಾಗದೆ ಚಿತ್ರ ತೆಗೆಯುವ ಆದೇಶಕ್ಕೆ ಸಹಿ ಹಾಕುವುದಿಲ್ಲ ಎಂದಿದ್ದೆ. ಬ್ಯಾಟರಿ ಸೊರಗುತ್ತಿತ್ತು. ಒಂದೇ ಒಂದು ಚಿತ್ರಕ್ಕೆ ಆಗುವಷ್ಟು ಉಳಿದಿತ್ತು.

೧. ಎರಡು ಬಣ್ಣ

ಕಾಲೇಜಿನ ಲೆಕ್ಚರರ್ ನಾವುಂದದವರು. ಒಂದು ದಿನ ನಕ್ಷೆ ಹಿಡಿದು ಓಡಿ ಬಂದರು.

"ಸರ್, ಎರಡೂ ಗೆರೆ ಒಂದರ ಮೇಲೊಂದ್ ಕೂತಿತ್ತ್! ಕೂದಲಷ್ಟೂ ವ್ಯತ್ಯಾಸ ಇಲ್ಲೆ!"

ಆಕಾಶದಿಂದ ಬಂದ ಗೆರೆ ಅಷ್ಟು ನುಣುಪಾಗಿರುವುದಿಲ್ಲ. ಸ್ವಲ್ಪ ನಡುಗುತ್ತದೆ. ಕಡತ ತೆರೆಸಿದೆ. ಕಂಪ್ಯೂಟರಿನ ಲೆಕ್ಕವನ್ನೇ ಎರಡು ಸಲ ಬರೆದಿದ್ದರು. ಒಮ್ಮೆ ಕೆಂಪು, ಒಮ್ಮೆ ನೀಲಿ.

"ಬಣ್ಣ ಬೇರೆ ಬೇರೆ ಇತ್ತಲ್ದಾ ಸರ್?" ಎಂದರು.

"ಹೌದು. ಅದೊಂದೇ ವ್ಯತ್ಯಾಸ" ಎಂದೆ.

೨. ಮನೆಯ ಅಭಿಪ್ರಾಯ

"ದಿನಾ ಕೂತ್ಕಂಡ್ ಎಂತ ಕಾಂತ್ರಿ?" ಎಂದಳು ಹೆಂಡತಿ.

"ಮೇಲೊಂದು ಡಬ್ಬಿ ಇತ್ತ್. ನಾವ್ ಹೇಳಿದ ಬದಿಗೆ ತಿರ್ಗತ್ತಾ ಅಂತ."

"ಐವತ್ತು ವರ್ಷದಲ್ಲಿ ನಾನೇ ತಿರ್ಗಲಿಲ್ಲ" ಎಂದು ಒಳಗೆ ಹೋದಳು.

೩. ಪಡು

ನಿಜವಾದ ಗೆರೆ ಬಂತು. ಲೆಕ್ಕಕ್ಕೂ ಅದಕ್ಕೂ ಸರಿಯಾಗಿ ಅರ್ಧ ಸುತ್ತಿನ ಅಂತರ. ಹೀಗೆ ಆದೇಶ ಕೊಟ್ಟರೆ ಕ್ಯಾಮೆರಾ ಕರಾವಳಿಗೆ ಬೆನ್ನು ಹಾಕುತ್ತಿತ್ತು.

ಉಪಗ್ರಹದೊಳಗೆ ಒಂದು ದಿಕ್ಸೂಚಿ ಇರುತ್ತದೆ. ಹಾರಿಸುವ ಮೊದಲು ಒಂದು ಮುಖವನ್ನು ಪಡುವಣಕ್ಕಿಟ್ಟು ಗುರುತು ಹಾಕಿಕೊಳ್ಳಬೇಕು. ಆ ಕೆಲಸ ನಡೆದದ್ದು ಕುಂದಾಪುರದ ಒಂದು ಮಾಳಿಗೆಯಲ್ಲಿ. ಲೆಕ್ಚರರನ್ನು ಅಲ್ಲಿಗೇ ಕರೆದುಕೊಂಡು ಹೋದೆ.

"ಪಡು ಯಾವ ಬದಿಗೆ ಹಿಡಿದಿರಿ?"

ಕಿಟಕಿಯಾಚೆ ಮಿಂಚುತ್ತಿದ್ದ ನೀರು ತೋರಿಸಿದರು. "ನಮ್ಮೂರಂಗೆ ನೀರ್ ಕಂಡ್ರೆ ಅದೇ ಪಡು ಸರ್."

ಅವರ ಊರಿನಲ್ಲಿ ಅದು ಕಡಲು. ಇಲ್ಲಿ ಆ ಕಿಟಕಿಗೆ ಕಾಣುವುದು ಹೊಳೆ, ಊರಿನ ಮೂಡು ಬದಿಗೆ.

"ಗುರುತು ಹಾಕಿದ್ದು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಸರ್."

"ಸೂರ್ಯ ಎಲ್ಲಿತ್ತ್?"

ಲೆಕ್ಚರರ್ ನೀರಿನ ಕಡೆ ನೋಡಿದರು. ಆಗಲೂ ಬೆಳಿಗ್ಗೆಯೇ. ಸೂರ್ಯ ನೀರಿನ ಮೇಲೇ ಇದ್ದ.

"ಅಲ್ಲೇ ಇತ್ತ್ ಸರ್" ಎಂದರು ಮೆಲ್ಲಗೆ.

"ಬೆಳಿಗ್ಗೆಯೇ ಮುಳುಗುಕೆ ಹೊರಟಿತ್ತಾ?"

೪. ಚಿತ್ರ

ಲೆಕ್ಕದಲ್ಲಿ ಆ ಗುರುತು ತಿದ್ದಿದೆವು. ಗೆರೆಗಳು ಹೊಂದಿದವು, ಬೇಕಾದಷ್ಟು ನಡುಕದೊಂದಿಗೆ. ಸಹಿ ಹಾಕಿದೆ. ಚಿತ್ರ ಇಳಿದು ಬಂದ ಮರುದಿನ ಬ್ಯಾಟರಿ ಸತ್ತಿತು.

ಲೆಕ್ಚರರ್ ಒಂದು ಪ್ರತಿ ತೆಗೆಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳುಹಿಸಿದರು. ಲಕೋಟೆ ಒಡೆದು ನೋಡಿದೆ. ಕಡಲು ಬಲಕ್ಕೆ, ನೆಲ ಎಡಕ್ಕೆ. ನಮ್ಮ ಕರಾವಳಿ ಹಾಗಿಲ್ಲ.

ಫೋನ್ ಮಾಡಿದೆ. "ಮತ್ತೆ ಅರ್ಧ ಸುತ್ತು! ಎಂತ ತಿದ್ದಿದ್ದ್ ನೀವು? ನನ್ನ ಸಹಿ ಇತ್ತಲ್ದಾ ಅದ್ರಂಗೆ? ಇದ್ದದ್ದೇ ಒಂದು ಚಿತ್ರ!"

ಅಷ್ಟರಲ್ಲಿ ಹೆಂಡತಿ ಬಂದು ಭುಜದ ಮೇಲಿಂದ ಇಣುಕಿದಳು. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ತಲೆಕೆಳಗು ಮಾಡಿ, ಮತ್ತೆ ಕೈಗಿಟ್ಟಳು. ಕಡಲು ಎಡಕ್ಕೆ ಬಂತು; ಹೊಳೆ ಕಡಲು ಸೇರುವ ಗಂಗೊಳ್ಳಿಯ ಅಳಿವೆ ಇರಬೇಕಾದಲ್ಲಿಗೆ ಬಂದು ಕೂತಿತು.

"ಉಪಗ್ರಹ ಸಮಾ ಇತ್ತ್ ಮರಾಯ್ರೆ" ಎಂದಳು, ಫೋನಿಗೂ ಕೇಳುವ ಹಾಗೆ.

ಲೆಕ್ಚರರ್ ಗಂಟಲು ಸರಿಮಾಡಿಕೊಂಡರು.

"ಸರ್, ನಿಮ್ ಬದಿಗೆ ಸೂರ್ಯ ಎಲ್ಲಿತ್ತ್?"

ಫೋನ್ ಇಟ್ಟೆ.