ಸಮರ್‌ಸೆಟ್ಟಿನಲ್ಲಿ ಡಚ್ ಚುನಾವಣೆ

ತೊಂದರೆ ಶುರುವಾದದ್ದು ಒಂದು ಹೆಸರು ಕಡಿಮೆ ಬಿದ್ದದ್ದರಿಂದ. ಸಮರ್‌ಸೆಟ್ಟಿನ ಕನ್ನಡ ಕೂಟದ ಕಾರ್ಯದರ್ಶಿ ಸ್ಥಾನಕ್ಕೆ ಐದು ಹೆಸರುಗಳ ಪಟ್ಟಿ ಇರಬೇಕೆಂದು ನಿಯಮ. ಸಿಕ್ಕಿದ್ದು ನಾಲ್ಕು. ಅದರಲ್ಲೂ ಇಬ್ಬರು ಟೆಕ್ಸಾಸಿಗೆ ಮನೆ ಬದಲಾಯಿಸಿ ವರ್ಷವಾಗಿತ್ತು. ಒಂಬತ್ತು ವರ್ಷ ಕಾರ್ಯದರ್ಶಿಯಾಗಿ ಹಳೆಯ ಟೈರಿನಂತೆ ಸವೆದಿದ್ದ ಜಯತೀರ್ಥ, ನಿಯಮ ತಪ್ಪಬಾರದೆಂದು ಐದನೆಯ ಸಾಲಿನಲ್ಲಿ ತಮ್ಮ ಹೆಸರನ್ನೇ ಬರೆದರು.

ಅಪಾಯವೇನೂ ಇರಲಿಲ್ಲ. ಪಟ್ಟಿಯ ಮೊದಲ ಹೆಸರು ಓದುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಊಟಕ್ಕೆ ಏಳುವುದು. ಕೂಟದ ಚುನಾವಣೆ ಎಂದರೆ ಇಷ್ಟೇ. ಮೊದಲ ಹೆಸರು ಹಿಲ್ಸ್‌ಬರೋದ ಶ್ರೀನಿಯದು. ಹೊಸಬ, ಉತ್ಸಾಹಿ, ಒಪ್ಪಿಯೂ ಇದ್ದ.

“ಮುಂದಿನ ಭಾನುವಾರ ಮನೆ ಹಿಂದಿನ ಡೆಕ್ ಮೇಲೆ ಕೂತು ಕಾಫಿ ಕುಡೀತೀನಿ. ಬೇರೇನೂ ಮಾಡಲ್ಲ,” ಎಂದರು ಜಯತೀರ್ಥ, ಚುನಾವಣೆಯ ಭಾನುವಾರ ಬೆಳಿಗ್ಗೆ ಹೆಂಡತಿ ಅಲಮೇಲುಗೆ.

“ಭಾನುವಾರ ನಿಮ್ಮ ಮುಖ ನೋಡಿ ಒಂಬತ್ತು ವರ್ಷ ಆಯ್ತು ಬಿಡಿ,” ಎಂದರು ಆಕೆ.

ಅಷ್ಟರಲ್ಲಿ ಫೋನು. ಕೂಟದ ಅಧ್ಯಕ್ಷ, ಪಕ್ಕದ ಬೀದಿಯ ಪೀರ್ ಅಹ್ಮದ್. “ಜಯತೀರ್ಥ, ನನ್ನ ಕಾರು ಸ್ಟಾರ್ಟ್ ಆಗ್ತಿಲ್ಲ. ಫಿರ್ದೌಸ್‌ನ ನೀವೇ ಹಾಲ್‌ಗೆ ಡ್ರಾಪ್ ಮಾಡ್ಬೇಕು. ಆಮೇಲೆ ಪರಿಚಯ ಭಾಷಣಾನೂ ನಿಮ್ದೇ.”

ಫಿರ್ದೌಸ್ ಎಂದರೆ ಪೀರ್ ಅಹ್ಮದರ ತಂಗಿಯ ಮಗಳು. ಹಾಲೆಂಡಿನಲ್ಲಿ ಹುಟ್ಟಿ ಬೆಳೆದವಳು. ಇಪ್ಪತ್ತೆರಡಕ್ಕೆ ಊರಿನ ಕೌನ್ಸಿಲ್ ಸೇರಿ, ಇಪ್ಪತ್ತೊಂಬತ್ತಕ್ಕೆ ದೇಶದ ಪಾರ್ಲಿಮೆಂಟಿಗೆ ಆಯ್ಕೆಯಾದವಳು. ಮಾವನ ಮನೆಗೆ ವಿಶ್ರಾಂತಿಗೆಂದು ಬಂದಿದ್ದಳು. ಕೂಟ ಬಿಡಬೇಕಲ್ಲ, ಚುನಾವಣೆಗೆ ಮೊದಲು ಅವಳಿಗೊಂದು ಸನ್ಮಾನ.

ಹಾಲ್‌ನಲ್ಲಿ ಧಾರವಾಡದ ಚಂದ್ರಶೇಖರ ಹಾಲೆಂಡಿನದೆಂದು ಒಂದು ಬಾವುಟ ಹಿಡಿದು ನಿಂತಿದ್ದರು. ಕೂಟದಲ್ಲಿ ಯಾರ ಕೆಲಸಕ್ಕೂ ಸಲಹೆ ಕೊಡುವುದು ಅವರ ಕೆಲಸ.

“ಇದು ಫ್ರಾನ್ಸಿನದಲ್ವಾ?” ಎಂದರು ಜಯತೀರ್ಥ.

“ಅಡ್ಡ ಮಾಡಿ ಹಚ್ರೀ, ತಾನ ಡಚ್ ಆಗ್ತದ.”

ಜಯತೀರ್ಥ ಪಿಸ್ಕಾಟವೇ ಊರಿನ ಲ್ಯಾಬೊಂದರಲ್ಲಿ ರಸಾಯನಶಾಸ್ತ್ರಜ್ಞ. ಪರೀಕ್ಷಿಸದೆ ಒಪ್ಪುವವರಲ್ಲ. ಬಲಕ್ಕೆ ತಿರುಗಿಸಿದರೆ ನೀಲಿ ಮೇಲೆ ಬರುತ್ತದೆ, ತಪ್ಪು. ಎಡಕ್ಕೆ ತಿರುಗಿಸಿದರೆ ಕೆಂಪು ಮೇಲೆ ಬರುತ್ತದೆ, ಸರಿ. ಇಷ್ಟನ್ನು ಏಣಿಯ ಮೇಲೆ ನಿಂತು ಖಚಿತಪಡಿಸಿಕೊಳ್ಳುವಷ್ಟರಲ್ಲಿ ಅವರ ಮೊಣಕಾಲು ಹಿಡಿದುಕೊಂಡಿತು. ಕುಂಟುತ್ತಾ ಇಳಿದರು. ಇದೇ ಕೊನೆ, ಇನ್ನೊಂದು ಗಂಟೆ, ಎಂದುಕೊಂಡರು.

ಫಿರ್ದೌಸ್ ಮಾತಿಗೆ ನಿಂತಳು. ಅವಳದು ಅಮ್ಮ ಕಲಿಸಿದ ಮೈಸೂರು ಕನ್ನಡ.

“ಏಳು ವರ್ಷ ಕೌನ್ಸಿಲ್‌ನಲ್ಲಿ ನಾನು ನೋಡಿದ್ದು ಬರೀ ಸೈಕಲ್ ದಾರಿ, ಬೀದಿ ದೀಪ, ಚರಂಡಿ. ನಮ್ಮ ಪಾರ್ಟಿಯ ಪಾರ್ಲಿಮೆಂಟ್ ಪಟ್ಟೀಲಿ ನಂದು ಮೂವತ್ತೊಂದನೇ ಹೆಸರು. ಗೆಲ್ಲೋ ಹೆಸರಲ್ಲ, ಲೆಕ್ಕಕ್ಕೆ ಹಾಕಿದ್ದು. ಆದ್ರೆ ನಮ್ಮಲ್ಲಿ ಜನ ಪಟ್ಟೀಲಿರೋ ಯಾವ ಹೆಸರಿಗೆ ಬೇಕಾದ್ರೂ ವೋಟ್ ಹಾಕಬಹುದು. ಚರಂಡಿ ನೆನಪಿದ್ದೋರೆಲ್ಲ ನನ್ನ ಹೆಸರಿಗೇ ಹಾಕಿದ್ರು. ಮೇಲಿದ್ದ ಎಷ್ಟೋ ಜನಾನ ದಾಟ್ಕೊಂಡು ಹೋಗ್ಬಿಟ್ಟೆ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆ ಇಳಿಯುವ ಮೊದಲೇ ಚಂದ್ರಶೇಖರರ ದನಿ ಏರಿತು. “ನೋಡ್ರೀ, ಇದಕ್ಕ ಅಂತಾರ ಪ್ರಜಾಪ್ರಭುತ್ವ! ನಾವೂ ಇವತ್ತ ಹಂಗ ಮಾಡೋಣು. ಚೀಟಿ ಹಂಚ್ರಿ.”

“ಪಟ್ಟಿ ಸಿದ್ಧವಾಗಿದೆ, ಚಪ್ಪಾಳೆ ಸಾಕಲ್ವಾ?” ಎಂದು ಜಯತೀರ್ಥ ಪಟ್ಟಿಯನ್ನು ಎತ್ತಿ ತೋರಿಸಿದರು.

“ಪಾರ್ಲಿಮೆಂಟ್ ಮೆಂಬರ್ ಮುಂದ ಚಪ್ಪಾಳಿ ಚುನಾವಣೆ ಮಾಡ್ತೀರೇನು? ಮರ್ಯಾದಿ ಪ್ರಶ್ನಿ ಅದು.”

ಶ್ರೀನಿಗೆ ಎರಡು ಮಾತಾಡಲು ಹೇಳಿದರು. ಅವನು ಲ್ಯಾಪ್‌ಟಾಪ್ ತೆರೆದ. “ಇನ್ಮೇಲೆ ಕಾರ್ಯಕ್ರಮ ಹೇಳಿದ ಟೈಮಿಗೆ ಶುರು. ಪ್ರತಿ ಫ್ಯಾಮಿಲಿಗೂ ಡ್ಯೂಟಿ. ಕುರ್ಚಿ ಜೋಡಿಸೋದು, ಪಾತ್ರೆ ತೊಳೆಯೋದು, ಎಲ್ಲಾ ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿದೀನಿ.”

ಸಭೆ ಫ್ರಿಜ್ಜಿನಲ್ಲಿಟ್ಟ ತುಪ್ಪದಂತೆ ಗಟ್ಟಿಯಾಯಿತು. ಒಂಬತ್ತು ವರ್ಷ ಕುರ್ಚಿ ಜೋಡಿಸಿದ್ದು, ಪಾತ್ರೆ ತೊಳೆದದ್ದು ಯಾರೆಂದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಚೀಟಿಗಳ ಮೇಲೆ ಪೆನ್ನುಗಳು ಸರಸರ ಓಡಿದವು.

ಎಣಿಸುವ ಕೆಲಸವೂ ಜಯತೀರ್ಥರಿಗೇ ಬಂತು. ಒಟ್ಟು ನಲವತ್ತೆರಡು ಚೀಟಿ. ಶ್ರೀನಿಗೆ ಒಂದು, ಜಯತೀರ್ಥರಿಗೆ ನಲವತ್ತೊಂದು. ಅಭ್ಯಾಸಬಲದಿಂದ ಇನ್ನೊಮ್ಮೆ ಎಣಿಸಿದರು. ಫಲಿತಾಂಶ ಬದಲಾಗಲಿಲ್ಲ.

“ಕಂಗ್ರಾಟ್ಸ್ ಅಂಕಲ್! ನನಗೂ ಇಷ್ಟು ಪರ್ಸೆಂಟ್ ಬಿದ್ದಿರ್ಲಿಲ್ಲ,” ಎಂದು ಫಿರ್ದೌಸ್ ಕೈ ಕುಲುಕಿದಳು.

“ಎರಡು ವರ್ಷ ತಾನೇ, ಕಣ್ಮುಚ್ಚಿ ತೆಗೆಯೋದ್ರಲ್ಲಿ ಹೋಗುತ್ತೆ,” ಎಂದು ಪೀರ್ ಅಹ್ಮದ್ ಭುಜ ತಟ್ಟಿದರು.

“ತಡೀರಿ,” ಎಂದರು ಚಂದ್ರಶೇಖರ. “ಡಚ್ ಪದ್ಧತಿ ಅಂದ್ರ ಪೂರ್ತಿ ಡಚ್ ಪದ್ಧತಿ. ನಿಮ್ಮಲ್ಲೆ ಅವಧಿ ಎಷ್ಟವ್ವಾ?”

“ನಾಲ್ಕು ವರ್ಷ,” ಎಂದಳು ಫಿರ್ದೌಸ್, ಪಾಪ, ಸತ್ಯವಂತೆ.

ಅದಕ್ಕೆ ಚೀಟಿ ಬೇಕಾಗಲಿಲ್ಲ. ಚಪ್ಪಾಳೆಯಲ್ಲೇ ಮುಗಿಯಿತು.

ಕುರ್ಚಿಗಳನ್ನೆಲ್ಲ ಮಡಚಿಟ್ಟು ಕಾರಿನಲ್ಲಿ ಕೂತಾಗ ಜಯತೀರ್ಥರ ತಲೆಯಲ್ಲಿ ಆ ಎಣಿಕೆ ಮತ್ತೆ ಸುತ್ತಿತು. ಶ್ರೀನಿಗೆ ಬಿದ್ದ ಒಂದೇ ಚೀಟಿಯ ಅಕ್ಷರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವರದೇ. ಹಾಗಾದರೆ ಶ್ರೀನಿಯೂ ತನಗೆ ತಾನು ಹಾಕಿಕೊಂಡಿಲ್ಲ. ಹಾಗಾದರೆ... ಅವರು ನಿಧಾನವಾಗಿ ಪಕ್ಕಕ್ಕೆ ತಿರುಗಿದರು.

“ಅಲಮೇಲು, ನೀನೂನಾ?”

ಅಲಮೇಲು ಸೀಟ್‌ಬೆಲ್ಟ್ ಎಳೆದುಕೊಂಡರು. “ಇನ್ನೇನ್ರೀ ಮಾಡ್ಲಿ? ಹೋದ ತಿಂಗಳು ಸ್ನೋ ಬಿದ್ದಾಗ ಒಂದೇ ಒಂದು ಭಾನುವಾರ ಮನೇಲಿದ್ರಿ. ಮಸಾಲೆ ಡಬ್ಬಿಗಳನ್ನೆಲ್ಲ ಅಕ್ಷರಮಾಲೆ ಪ್ರಕಾರ ಜೋಡಿಸಿಟ್ರಿ. ಇವತ್ತಿನವರೆಗೂ ನನಗೆ ಸಾಸಿವೆ ಸಿಕ್ಕಿಲ್ಲ.”