ಮಕ್ಕಳ ಕಳ್ಳಿ ನಮ್ಮ ದೊಡ್ಡತ್ತೆ

ನಮ್ಮ ದೊಡ್ಡತ್ತೆ ಮಕ್ಕಳನ್ನು ಕದಿಯುತ್ತಿದ್ದರು. ಮನೆಯ ಸೊಸೆಯೇ ಹೀಗೆ ಬರೆಯಬಹುದೇ ಎಂದು ನೀವು ಹುಬ್ಬೇರಿಸಬೇಡಿ. ಊರೆಲ್ಲ ಕಣ್ಣಾರೆ ಕಂಡದ್ದನ್ನೇ ನಾನು ಹೇಳುತ್ತಿದ್ದೇನೆ. ಕದ್ದದ್ದು ಒಂದಲ್ಲ, ಎರಡಲ್ಲ, ಮೊದಲ ದಿನವೇ ಏಳು. ಅದೂ ಹಾಡಹಗಲಲ್ಲಿ, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು!

ಅವರು ನನ್ನ ಮಾವನವರ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತವರು. ಮನೆಯ ಯಜಮಾನಿಕೆಯನ್ನು ಅವರಿಗೆ ಯಾರೂ ಕೊಟ್ಟಂತಿರಲಿಲ್ಲ, ಅವರೇ ತೆಗೆದುಕೊಂಡಿದ್ದರು. ಆರಡಿಗೆ ಹತ್ತಿರದ ಆಳು. ನಮ್ಮ ಮನೆಯ ಬಾಗಿಲು ಐದಡಿಯದು. ಎಲ್ಲರೂ ಬಗ್ಗಿ ಒಳಗೆ ಬಂದರೆ ಇವರು ನೆಟ್ಟಗೆ ಬಂದು, ತಲೆ ಬಡಿಸಿಕೊಂಡು, ಬಾಗಿಲನ್ನು ಬಯ್ಯುತ್ತಿದ್ದರು. ನಲವತ್ತು ವರ್ಷ ಬೈದರೂ ಬಾಗಿಲು ಎತ್ತರವಾಗಲಿಲ್ಲ, ಅವರೂ ಬಗ್ಗಲಿಲ್ಲ.

ನಾನು ಯಳಂದೂರು ಕಡೆಯ ಅಗರದವಳು. ಮದುವೆಯಾಗಿ ಬಂದದ್ದು ಮುಳ್ಳೂರು ದಾಟಿ, ನಾಲೆಯ ಏರಿ ಹತ್ತಿ ಇಳಿದರೆ ಸಿಗುವ ಒಂದು ಸಣ್ಣ ಊರಿಗೆ. ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಕೆಳಗೆ, ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಇತ್ತು. ಅದು ಅಲ್ಲಿಯೇ ಮುದಿಯಾಗುತ್ತದೆ ಎಂದು ನಾನೂ ನಂಬಿದ್ದೆ, ನನ್ನ ಅತ್ತೆಯವರೂ ನಂಬಿದ್ದರು.

ನಾನು ಬಂದ ಮೂರನೇ ವಾರಕ್ಕೆ ನಾಟಿ ಶುರುವಾಯಿತು. ಊರಿನ ಹೆಂಗಸರೆಲ್ಲ ಗದ್ದೆಯಲ್ಲಿ. ಮೊಲೆ ಕುಡಿಯುವ ಕೂಸಾದರೆ ಗದ್ದೆ ಬದಿಯ ಮರಕ್ಕೆ ಜೋಲಿ ಕಟ್ಟಿ ಮಲಗಿಸಬಹುದು. ಶಾಲೆಗೆ ಹೋಗುವಷ್ಟು ದೊಡ್ಡದಾದರೆ ಮೇಷ್ಟ್ರು ನೋಡಿಕೊಳ್ಳುತ್ತಾರೆ. ನಡುವೆ ಇರುವ ಎರಡು, ಮೂರು, ನಾಲ್ಕು ವರ್ಷದ ಪುಂಡರನ್ನು ಏನು ಮಾಡುವುದು? ನಾಲೆ ತುಂಬಿ ಹರಿಯುತ್ತಿದೆ, ಊರಿನಿಂದ ನೂರು ಹೆಜ್ಜೆ. ಹಾಗಾಗಿ ತಾಯಂದಿರು ಹಳೇ ಸೀರೆಯ ಒಂದು ತುದಿಯನ್ನು ಮಗುವಿನ ಸೊಂಟಕ್ಕೂ ಇನ್ನೊಂದು ತುದಿಯನ್ನು ಮನೆಯ ಕಂಬಕ್ಕೂ ಕಟ್ಟಿ, ಮುಂದೆ ಒಂದು ತುತ್ತು ಮುದ್ದೆ, ಒಂದು ಚೊಂಬು ನೀರು ಇಟ್ಟು ಹೋಗುತ್ತಿದ್ದರು. ಅವರು ಕಲ್ಲು ಮನಸ್ಸಿನವರೇನಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ.

ಆ ವರ್ಷ ಒಂದು ಹುಡುಗಿ ಗಂಟು ಬಿಚ್ಚಿಕೊಂಡು ನಾಲೆಗೆ ಬಿತ್ತು. ಎತ್ತು ತೊಳೆಯುತ್ತಿದ್ದ ಒಬ್ಬರು ಜುಟ್ಟು ಹಿಡಿದು ಎಳೆದು ಹಾಕಿದ್ದರಿಂದ ಉಳಿಯಿತು. ಮಾರನೇ ದಿನ ಹೆಂಗಸರು ಗದ್ದೆಗೆ ಹೋದದ್ದೇ ತಡ, ದೊಡ್ಡತ್ತೆ ಕುಡುಗೋಲು ಹಿಡಿದು ಬೀದಿಗೆ ಇಳಿದರು.

ನಾನು ಹಿಟ್ಟು ಬೀಸುತ್ತಿದ್ದೆ. ಎರಡು ಕಂಕುಳಲ್ಲಿ ಎರಡು ಮಕ್ಕಳನ್ನು ಸಿಕ್ಕಿಸಿಕೊಂಡು ಬಂದು, "ಇಡ್ಕ ಮೊಗ" ಅಂದರು. ಹಿಡಿದುಕೊಂಡೆ. ಹೋಗಿ ಮತ್ತೆರಡು ತಂದರು. ಮತ್ತೆ ಹೋದರು.

"ದೊಡ್ಡತ್ತೆ, ಕೇಳಿ ತಂದಿರಾ?" ಎಂದೆ, ಹೆದರುತ್ತಾ.

"ಕೇಳಾಕ ಮನೇಲಿ ಯಾರವ್ರ? ಮೂಗು ಸೋರ್ತಾ ಅದ, ಒರ್ಸು ಮೊದ್ಲು."

ಸಾಯಂಕಾಲ ಬೀದಿಯಲ್ಲಿ ಹುಯಿಲೆದ್ದಿತು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಸಿದ್ದಮ್ಮ, ಕೈಯಲ್ಲಿ ಕತ್ತರಿಸಿದ ಸೀರೆಯ ತುಂಡು. "ನನ್ ಸೀರ ಕುಯ್ದು ನನ್ ಮಗನ್ನ ಒತ್ಕಂಡೋಗವ್ರ ಕಣ್ರಿ" ಎಂದು ಕೂಗಿದಳು. ಮಗನಷ್ಟೇ ಸಂಕಟ ಅವಳಿಗೆ ಸೀರೆಯದೂ ಇತ್ತು.

ದೊಡ್ಡತ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಮೆತ್ಗ ಮಾತಾಡು ಸಿದ್ದಿ. ಏಳೂ ಈಗ ತಾನೇ ಮಲಗವ. ಎಚ್ರಾದ್ರ ಏಳ್ನೂ ನೀನೇ ಸಮಾಧಾನ ಮಾಡ್ಬೇಕು" ಎಂದರು.

ಸಿದ್ದಮ್ಮ ಒಳಗೆ ಇಣುಕಿದಳು. ಹುಲ್ಲಿನ ಮೇಲೆ ಹಾಸಿದ ಕಂಬಳಿಯಲ್ಲಿ ಅವಳ ಮಗ, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹೊಟ್ಟೆ ಗುಂಡಗೆ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದ. ಮಾರನೇ ಬೆಳಿಗ್ಗೆ ಗದ್ದೆಗೆ ಹೋಗುವಾಗ ತಾನೇ ಅವನನ್ನು ತಂದು ಬಿಟ್ಟಳು. ವಾರ ಕಳೆಯುವಷ್ಟರಲ್ಲಿ ಕದಿಯುವ ಕೆಲಸವೇ ಉಳಿಯಲಿಲ್ಲ. ಇಪ್ಪತ್ತಮೂರು ಮಕ್ಕಳು! ನಮ್ಮ ಎಮ್ಮೆಯನ್ನು ಹುಣಸೆ ಮರದ ಕೆಳಗೆ ಕಟ್ಟಬೇಕಾಯಿತು. ನನ್ನ ಅತ್ತೆಯವರು, "ಇದು ಮನೆನೋ ಸಂತೆನೋ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ದೊಡ್ಡತ್ತೆ, "ಸಂತ ವಾರಕ್ಕೊಂದ್ ದಿನ ಕಣ, ಇದು ದಿನಾಲೂ" ಎಂದು ತಿದ್ದುತ್ತಿದ್ದರು.

ಆಗ ಗೊಬ್ಬರದ ವಿಷಯ ಹೇಳಲು ಬಂದ ಗ್ರಾಮಸೇವಕರು ಕೊಟ್ಟಿಗೆ ನೋಡಿ ಕಣ್ಣು ಬಿಟ್ಟರು. ಇಂಥ ಮಕ್ಕಳಿಗಾಗಿಯೇ ಸರ್ಕಾರ ಬಾಲವಾಡಿ ಅಂತ ಕೊಡುತ್ತಿದೆ, ಹಾಲಿನ ಪುಡಿ ಬರುತ್ತದೆ, ಆಟದ ಸಾಮಾನು ಬರುತ್ತದೆ, ಕೊಳ್ಳೇಗಾಲದ ಬ್ಲಾಕ್ ಆಫೀಸಿಗೆ ಮಕ್ಕಳ ಪಟ್ಟಿ ಒಯ್ದು ಕೊಡಿ ಎಂದರು. ಸರ್ಕಾರ ಕೊಡುತ್ತದೆ ಎಂಬ ಮಾತು ಕೇಳಿದ ಮೇಲೆ ದೊಡ್ಡತ್ತೆ ಸುಮ್ಮನೆ ಕೂರುವವರೇ? ಮೊದಲೆಲ್ಲ ನಮ್ಮ ಕಡೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಆಫೀಸರನ್ನು ಬಯ್ಯಬೇಕಾದರೆ ತಮಿಳು ಕಲಿಯಬೇಕಿತ್ತು. ಮೈಸೂರಿಗೆ ಸೇರಿದ ಮೇಲೆ ಕನ್ನಡದಲ್ಲೇ ಬಯ್ಯಬಹುದು ಎಂಬುದು ದೊಡ್ಡತ್ತೆಗೆ ರಾಜ್ಯ ಒಂದಾದದ್ದರಿಂದ ಆದ ದೊಡ್ಡ ಲಾಭ.

ಸೋಮವಾರ ಎರಡು ಗಾಡಿ ಕಟ್ಟಿಸಿದರು. ಇಪ್ಪತ್ತಮೂರು ಮಕ್ಕಳು, ಅವರು, ನಾನು. ಕೊಳ್ಳೇಗಾಲ ಸೇರುವ ಹೊತ್ತಿಗೆ ಮೂವರು ವಾಂತಿ ಮಾಡಿದ್ದರು, ಉಳಿದವರು ಅದನ್ನು ನೋಡಿ ಕೇಕೆ ಹಾಕುತ್ತಿದ್ದರು. ನಾನು ಗಾಡಿಯಲ್ಲೇ ಮೂವರನ್ನು ತೊಡೆಯ ಮೇಲೆ ಹಾಕಿಕೊಂಡು ಉಳಿದೆ. ದೊಡ್ಡತ್ತೆ ಇಪ್ಪತ್ತು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಆಫೀಸರ ಕೋಣೆಗೇ ಹೋದರು. ಕಿಟಕಿ ತೆರೆದಿತ್ತು, ನನಗೆ ಎಲ್ಲ ಕೇಳುತ್ತಿತ್ತು.

"ಏನಮ್ಮ ಇದು? ಪಟ್ಟಿ ತನ್ನಿ ಅಂದಿದ್ದಲ್ಲವೇ?"

"ಪಟ್ಟಿ ಬರಿಯಾಕ ನಂಗ ಬರಲ್ಲ ಸಾ. ಅದ್ಕೇ ಮಕ್ಕಳ್ನೇ ತಂದಿವ್ನಿ. ಎಣಿಸ್ಕಳಿ."

ಆಫೀಸರು ಎಣಿಸತೊಡಗಿದರು. ಆದರೆ ಮಕ್ಕಳು ನಿಂತಲ್ಲಿ ನಿಲ್ಲಬೇಕಲ್ಲ? ಒಂದು ಸಲ ಹದಿನೆಂಟು ಬಂತು, ಇನ್ನೊಂದು ಸಲ ಇಪ್ಪತ್ತೆರಡು. ಅಷ್ಟರಲ್ಲಿ ಒಬ್ಬ ಮೇಜಿನ ಕೆಳಗಿನ ಕಡತಗಳ ಮೇಲೆ ಉಚ್ಚೆ ಹೊಯ್ದ. ಆಫೀಸರು ಒಳ್ಳೆಯ ಮನುಷ್ಯ. ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. "ಆಯ್ತಮ್ಮ, ನಂಬಿದೆ. ಜಾಗ ಊರಿನವರು ಕೊಡಬೇಕು. ಎಲ್ಲ ಬೀದಿಯ ಮಕ್ಕಳೂ ಸೇರಿ ಇಪ್ಪತ್ತಕ್ಕೆ ಕಮ್ಮಿ ಇರಬಾರದು. ಟೀಚರಿಗೆ ಎಸ್ಸೆಸ್ಸೆಲ್ಸಿ ಆಗಿರಬೇಕು. ನಿಮ್ಮ ಕಡೆ ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಗಳು ಎಲ್ಲಿ ಸಿಗುತ್ತಾಳೆ?"

ದೊಡ್ಡತ್ತೆ ಕಿಟಕಿಯಿಂದ ಕೈ ಹೊರಗೆ ಚಾಚಿದರು. "ಅದೋ, ಗಾಡೀಲಿ ಕೂತದಲ್ಲ, ಅದು ಪಾಸಾದದ್ದೇ."

ನನಗೆ ಕೆಲಸ ಸಿಕ್ಕಿದ್ದು ಹೀಗೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನೇನೋ. ಆದರೆ ಆ ಗಾಡಿಯಲ್ಲಿ, ಮೈಯೆಲ್ಲ ವಾಂತಿ ಮೆತ್ತಿಕೊಂಡು ಕೂತಿದ್ದಾಗ, ನನ್ನ ಎದೆ ಹೊಡೆದುಕೊಂಡ ರೀತಿ ಮದುವೆಯ ದಿನವೂ ಹೊಡೆದುಕೊಂಡಿರಲಿಲ್ಲ.

ಮನೆಯಲ್ಲಿ ನನ್ನ ಅತ್ತೆಯವರು ರೇಗಿದರು. "ಒಸ ಸೊಸ ಕೆಲ್ಸಕ್ಕ ಓಗದಾ? ಜನ ಏನಂದಾರು?"

"ಎಲ್ಲಿಗ್ ಓದಾಳು? ಅಡ್ಗಮನೆ ದಾಟಿದ್ರ ಕೊಟ್ಗ. ಜನ ಏನೂ ಅನ್ನಲ್ಲ. ಅವ್ರ ಮಕ್ಕಳೆಲ್ಲ ನಮ್ ಕೈಲವ" ಎಂದರು ದೊಡ್ಡತ್ತೆ. ನನ್ನ ಗಂಡ ಎದ್ದು ಹೋಗಿ ಟ್ರಂಕು ತೆಗೆದು, ಸರ್ಟಿಫಿಕೇಟು ತಂದು ನನ್ನ ಕೈಗಿಟ್ಟರು.

ಒಂದು ತಿಂಗಳ ತರಬೇತಿಗೆ ಹೋದಾಗ ದೊಡ್ಡತ್ತೆ ಕಾವಲಿಗೆಂದು ಜೊತೆಗೆ ಬಂದು ಕೊನೇ ಸಾಲಿನಲ್ಲಿ ಕೂತರು. ಪಾಠ ಮಾಡುವ ಮೇಡಂ, ಮಕ್ಕಳನ್ನು ಹೆದರಿಸಬಾರದು ಎಂದು ಹೇಳಿದರು. ದೊಡ್ಡತ್ತೆ ಎದ್ದು ನಿಂತರು.

"ಗುಮ್ಮ ಬತ್ತದ ಅನ್ಬಾರ್ದಾ?"

"ಅನ್ನಬಾರದು."

"ಮತ್ತ ಉಣ್ಸದ್ ಎಂಗ?"

ಮೇಡಂ ಆ ದಿನದ ಪಾಠವನ್ನು ಅಲ್ಲಿಗೇ ಮುಗಿಸಿದರು.

ನಮ್ಮ ಕೊಟ್ಟಿಗೆಯಲ್ಲೇ ಬಾಲವಾಡಿ ಶುರುವಾಯಿತು, ಹಾಲಿನ ಪುಡಿಯ ಮೂಟೆ ಬಂತು. ಹೊಸ ಗುಲ್ಲು ಹುಟ್ಟಿತು. ಬೆಳ್ಳಗೆ, ನುಣ್ಣಗೆ ಇರುವ ಪುಡಿ ಹಾಲು ಹೇಗಾದೀತು? ಅದು ಸುಣ್ಣ, ಕುಡಿದರೆ ಮಕ್ಕಳ ಕರುಳು ಸುಡುತ್ತದೆ ಎಂದರು. ದೊಡ್ಡತ್ತೆ ಅರಳಿಕಟ್ಟೆಯ ಮೇಲೆ ಒಂದು ಕೊಡ ಹಾಲು ಕಲಸಿಕೊಂಡು ಕೂತರು. ಊರೆಲ್ಲ ನೋಡುತ್ತಿದ್ದಂತೆ ಚೊಂಬಿನ ಮೇಲೆ ಚೊಂಬು, ಅರ್ಧ ಕೊಡ ಇಳಿಸಿದರು. "ಸುಣ್ಣ ಕುಡ್ದು ಬದುಕಿವ್ನಿ ನೋಡ್ಕಳಿ" ಎಂದು ಬಾಯಿ ಒರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಆ ಮಧ್ಯಾಹ್ನ ಅವರು ಚೊಂಬು ಹಿಡಿದು ಎಂಟು ಸಲ ಹೊಲದ ಕಡೆ ಹೋಗಿ ಬಂದರು. ಯಾರಾದರೂ ಕೇಳಿದರೆ, "ಎಮ್ಮ ತಪ್ಪುಸ್ಕಂಡದ" ಅನ್ನುತ್ತಿದ್ದರು. ಎಮ್ಮೆ ಹುಣಸೆ ಮರದ ಕೆಳಗೆ ನಿಂತು ಅವರನ್ನೇ ನೋಡುತ್ತಿತ್ತು.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಒಂದು ದಿನವೂ ಬಂತು. ಬಾಲವಾಡಿಯಲ್ಲಿ ಎಲ್ಲರೂ ಒಂದೇ ಸುತ್ತಿಗೆ ಕೂತು ಕುಡಿಯುತ್ತಿದ್ದರು, ನಮ್ಮ ಬೀದಿಯವರೂ, ಊರಾಚೆಯ ಕೇರಿಯವರೂ. ಲೋಟಗಳೆಲ್ಲ ತಗಡಿನವು, ಎಲ್ಲ ಒಂದೇ ತರಹದವು. ಊರಿನ ಯಜಮಾನರಿಗೆ ಇದು ಗೊತ್ತಾಗಿ, ಕೇರಿಯ ಮಕ್ಕಳನ್ನು ಬೇರೆ ಕೂರಿಸಿ, ಇಲ್ಲದಿದ್ದರೆ ನಮ್ಮ ಬೀದಿಯ ಮಕ್ಕಳು ಬರುವುದಿಲ್ಲ ಎಂದು ಹೇಳಿ ಕಳಿಸಿದರು. ದೊಡ್ಡತ್ತೆ, "ಬ್ಯಾರೆ ಕೂರ್ಸಲ್ಲ" ಎಂದು ತಿರುಗಿ ಹೇಳಿ ಕಳಿಸಿದರು. ಮಾರನೇ ದಿನ ಒಂಬತ್ತೇ ಮಕ್ಕಳು. ಎಲ್ಲ ಕೇರಿಯವರು. ಆಫೀಸರು ತನಿಖೆಗೆ ಬರಲು ಮೂರು ದಿನ ಉಳಿದಿತ್ತು. ಇಪ್ಪತ್ತು ಮಕ್ಕಳಿಲ್ಲದಿದ್ದರೆ ಬಾಲವಾಡಿ ಬೇರೆ ಊರಿಗೆ. ಬಂಡಳ್ಳಿಯವರು ಆಗಲೇ ಅರ್ಜಿ ಕೊಟ್ಟು ಕಾಯುತ್ತಿದ್ದರು.

ನಾನು ಅತ್ತುಬಿಟ್ಟೆ. ದೊಡ್ಡತ್ತೆ ಸಾಯಂಕಾಲವೆಲ್ಲ ಮನೆಮನೆಗೆ ಹೋಗಿ ಹೆಂಗಸರ ಹತ್ತಿರ ಏನೇನೋ ಮಾತಾಡಿ ಬಂದರು.

ಅದು ಕಳೆ ಕೀಳುವ ಕಾಲ. ಬೆಳಿಗ್ಗೆ ಹದಿನಾಲ್ಕು ತಾಯಂದಿರು ತಮ್ಮ ಮಕ್ಕಳನ್ನು ತಂದು ಯಜಮಾನರ ಜಗಲಿಯ ಮೇಲೆ ಸಾಲಾಗಿ ಕೂರಿಸಿದರು. ಮುಂದೆ ನಿಂತವಳು ಸಿದ್ದಮ್ಮ.

"ಬಾಲವಾಡಿಗ ಕಳಿಸ್ಬ್ಯಾಡಿ ಅಂದ್ರಲ್ಲ ಯಜಮಾನ್ರೆ, ಕಳಿಸ್ನಿಲ್ಲ. ಗದ್ದ ನಿಮ್ದು, ಕಳೆ ನಿಮ್ದು. ಕೆಲ್ಸ ಮುಗಿಸ್ಕಂಡು ಸಂಜಗ ಬಂದು ಕರ್ಕಂಡೋಯ್ತೀವಿ."

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಹೆಂಗಸರು ಗದ್ದೆಯ ದಾರಿಯಲ್ಲಿದ್ದರು. ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಅವರ ಸೊಸೆಯೇ ನನಗೆ ಹೇಳಿದ್ದು. ಒಬ್ಬ ಯಜಮಾನರ ಪೇಟವನ್ನು ಕರುವಿಗೆ ಸುತ್ತಿದ. ಒಬ್ಬಳು ಮಜ್ಜಿಗೆ ಗಡಿಗೆಗೆ ಎರಡೂ ಕೈ ಇಳಿಸಿದಳು. ಇಬ್ಬರು ಅವರ ಊರುಗೋಲಿಗೆ ಹೊಡೆದಾಡಿ ಅದನ್ನು ಮುರಿದರು. ಒಬ್ಬನು ಕಾಣೆಯಾಗಿ, ಮನೆಯವರೆಲ್ಲ ನಾಲೆಯ ತನಕ ಓಡಿ ಹುಡುಕಿದ ಮೇಲೆ, ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯೊಳಗೆ ನಿದ್ದೆ ಮಾಡುತ್ತಿದ್ದದ್ದು ಗೊತ್ತಾಯಿತು.

ಸೂರ್ಯ ನೆತ್ತಿಗೆ ಬರುವ ಮುಂಚೆ ಯಜಮಾನರು ನಮ್ಮ ಕೊಟ್ಟಿಗೆಯ ಮುಂದೆ ಇದ್ದರು. ಹೆಗಲ ಮೇಲೆ ಒಬ್ಬ, ಕಂಕುಳಲ್ಲಿ ಒಬ್ಬಳು, ಪಂಚೆ ಹಿಡಿದುಕೊಂಡು ಉಳಿದವರು. ಹಿಂದೆಯೇ ಅವರ ಸ್ವಂತ ಮೊಮ್ಮಗ. ಒಳಗೆ ಒಂಬತ್ತು ಮಕ್ಕಳು ಹಾಲು ಕುಡಿಯುತ್ತಿದ್ದರು. ಯಜಮಾನರು ಮಾತಾಡುವ ಮೊದಲೇ ಇವರೆಲ್ಲ ನುಗ್ಗಿ, ಅವರ ನಡುನಡುವೆ ಕೂತು, ಕೈಗೆ ಸಿಕ್ಕ ಲೋಟ ಎತ್ತಿಕೊಂಡರು.

ಯಜಮಾನರು ಸುಸ್ತಾಗಿ, "ಇದ್ರಲ್ಲಿ ನಮ್ ಮೊಮ್ಮಗನ್ ಲೋಟ ಯಾವ್ದು?" ಎಂದರು.

"ಅವನ್ನೇ ಕೇಳಿ" ಎಂದರು ದೊಡ್ಡತ್ತೆ.

ಮೊಮ್ಮಗ ಬಾಯಿ ಸುತ್ತ ಬೆಳ್ಳಗೆ ಮಾಡಿಕೊಂಡು ಸುತ್ತಲೂ ನೋಡಿದ. "ಎಲ್ಲಾನೂ ನಂದೇ" ಎಂದ.

ಯಜಮಾನರು ಪಂಚೆ ಕೊಡವಿಕೊಂಡರು. ಕೊನೆಗೆ ಕೇಳಿದ್ದು ಇಷ್ಟೇ: "ಸಂಜಗಂಟ ಇಟ್ಕತೀರಾ?"

ತನಿಖೆಯ ದಿನ ಇಪ್ಪತ್ತನಾಲ್ಕು ಮಕ್ಕಳಿದ್ದರು. ಆಫೀಸರು ಈ ಸಲ ಎಣಿಸಲು ಹೋಗಲಿಲ್ಲ. ಕಾಗದಗಳನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಸಹಿ ಹಾಕಿದರು.

ಹತ್ತು ವರ್ಷ ಹೀಗೇ ಓಡಿತು. ದೊಡ್ಡತ್ತೆಯ ಎರಡು ಕಣ್ಣಿಗೂ ಪೊರೆ ಬಂತು. ಆದರೂ ಬೆಳಿಗ್ಗೆ ಬಂದು ಬಾಲವಾಡಿಯ ಹೊಸ್ತಿಲ ಪಕ್ಕ ಕೂರುತ್ತಿದ್ದರು. ಸಾಲಾಗಿ ಬರುವ ಪ್ರತಿ ಮಗುವಿನ ತಲೆ ಮುಟ್ಟಿ, "ಯಾರ್ ಮನೆ ಕೂಸು?" ಎಂದು ಕೇಳುತ್ತಿದ್ದರು. "ಸಿದ್ದಮ್ಮನ್ ಮನೇದು", "ಕೇರಿ ಮಾದಣ್ಣನ್ ಮನೇದು" ಎಂದು ಮಕ್ಕಳು ಕೂಗಿ ಒಳಗೆ ಓಡುತ್ತಿದ್ದವು.

ದೊಡ್ಡತ್ತೆಗೆ ಮಕ್ಕಳಿರಲಿಲ್ಲ. ಇಷ್ಟೊಂದು ಹೇಳಿದ ನಾನು ಆ ಒಂದು ಮಾತು ಹೇಳಿರಲಿಲ್ಲ. ಏಕೆಂದರೆ ಅವರ ಬಾಯಲ್ಲಿ ಅದು ಯಾವತ್ತೂ ಬಂದದ್ದಿಲ್ಲ.

ನನ್ನ ಕಿರಿಯ ಮಗಳಿಗೆ ಮೂರು ತುಂಬಿದ ವರ್ಷ ಅವಳನ್ನೂ ಬಾಲವಾಡಿಯ ಸಾಲಿನಲ್ಲಿ ನಿಲ್ಲಿಸಿದೆ. ದೊಡ್ಡತ್ತೆ ಎಲ್ಲರಂತೆ ಅವಳ ತಲೆಯನ್ನೂ ಮುಟ್ಟಿದರು. ಗೊತ್ತಾಗದೆ ಇರುತ್ತದೆಯೇ? ಬೆಳಿಗ್ಗೆ ಆ ಜಡೆ ಹಾಕಿದ್ದೇ ಅವರು. ಆದರೂ ಕೇಳಿದರು, "ಯಾರ್ ಮನೆ ಕೂಸು?"

ಮಗಳು, "ನಿನ್ ಕೂಸು ಅಜ್ಜಿ" ಎಂದಳು.

ನಾನು ಹೇಳಿಕೊಟ್ಟದ್ದಲ್ಲ. ದೊಡ್ಡತ್ತೆಯ ಕೈ ಆ ತಲೆಯ ಮೇಲೆಯೇ ನಿಂತಿತು. ಹಿಂದೆ ನಿಂತಿದ್ದವನು ಕೇರಿಯ ಹುಡುಗ. ತನ್ನ ಸರದಿ ಬಂದಾಗ, ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಾರಲ್ಲ, ಅವನೂ "ನಿನ್ ಕೂಸು" ಎಂದ. ಅವನ ಹಿಂದಿನವಳೂ ಅದನ್ನೇ ಹೇಳಿದಳು. ಆಮೇಲೆ ಸಾಲಿನ ಕೊನೆಯವರೆಗೂ ಅದೇ ಮಾತು, ಒಬ್ಬರಿಗಿಂತ ಒಬ್ಬರದು ಜೋರು. ದೊಡ್ಡತ್ತೆ ಒಂದು ತಲೆಯನ್ನೂ ಬಿಡದೆ ಎಲ್ಲರನ್ನೂ ಮುಟ್ಟಿ ಒಳಗೆ ಕಳಿಸಿದರು.

ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಒಲ ಉರೀತಾ ಅದಾ ನೋಡು ಓಗು ಮೊಗ" ಎಂದರು.

ನಾನು ಒಳಗೆ ಹೋಗಿ ನಿಂತೆ. ಒಲೆ ಇನ್ನೂ ಹಚ್ಚಿರಲೇ ಇಲ್ಲ.