ಒಂದು ಎಲೆ ಕಡಿಮೆ

ಯೋಚನೆ ಮಾಡುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುವುದು ರೇಡಿಯೋ ಮಾಮನ ಹುಟ್ಟುಗುಣ. ಪೆನ್ನಿನ ಮುಚ್ಚಳ, ಬಸ್ ಟಿಕೆಟ್, ಒಮ್ಮೆ ಸಾಹೇಬರ ಸಹಿ ಇದ್ದ ಪತ್ರದ ಮೂಲೆ. ಬಾಯಿಗೆ ಏನೂ ಸಿಗದಿದ್ದಾಗ ಮಾತಾಡುತ್ತಿದ್ದ. ಹಳೆಯ ದಾಖಲೆಗಳ ಆಫೀಸಿನಲ್ಲಿ ಇಪ್ಪತ್ತು ವರ್ಷ ಒಂದೇ ಸಮನೆ ಮಾತಾಡಿದ್ದಕ್ಕೇ ಆ ಹೆಸರು ಅಂಟಿಕೊಂಡದ್ದು.

ಆ ದಿನ ಮೂರು ಗಂಟೆಗೆ ಹೆಡ್ ಕ್ಲರ್ಕ್ ಹುದ್ದೆಗೆ ಸಂದರ್ಶನವಿತ್ತು. ಇದು ತಪ್ಪಿದರೆ ನಿವೃತ್ತಿಯವರೆಗೂ ಅದೇ ಗುಮಾಸ್ತಿಕೆ. ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ಮಾಮ ಕಪಾಟಿನ ಪಕ್ಕದಲ್ಲಿದ್ದ ಕುಂಡದ ಗಿಡದಿಂದ ಒಂದು ಎಲೆ ಕಿತ್ತು ಬಾಯಿಗಿಟ್ಟ. ಅಗಲವಾದ ಎಲೆ, ಮೇಲೆಲ್ಲ ಬಿಳಿ ಚುಕ್ಕೆ. ಯಾರೂ ನೀರು ಹಾಕಿದ ನೆನಪಿಲ್ಲ. ಆದರೂ ಆ ಕತ್ತಲೆ ಮೂಲೆಯಲ್ಲಿ ಅದು ದಷ್ಟಪುಷ್ಟವಾಗಿ ಬೆಳೆದಿತ್ತು. ಏಳು ಎಲೆಗಳಿದ್ದವು, ಆರಾದವು.

ಎರಡು ಸಲ ಅಗಿದನೋ ಇಲ್ಲವೋ, ನಾಲಿಗೆಗೆ ಸಾವಿರ ಸೂಜಿ ಚುಚ್ಚಿದಂತಾಯಿತು. ಥೂ ಎಂದು ಉಗುಳಿ, ಟೈಪಿಸ್ಟ್ ಅಕ್ಕನನ್ನು ಕೂಗಲು ಹೋದರೆ ನಾಲಿಗೆ ಬಾಯ್ತುಂಬ ಊದಿಕೊಂಡಿತ್ತು. "ಙ" ಎಂಬ ಸದ್ದೊಂದೇ ಹೊರಬಂತು.

ಆಫೀಸು ಗಪ್‌ಚಿಪ್ಪಾಯಿತು. ಇಪ್ಪತ್ತು ವರ್ಷ ಯಾರಿಗೂ ಕೇಳದಿದ್ದ ಸದ್ದುಗಳು ಕೇಳತೊಡಗಿದವು. ಗೋಡೆ ಗಡಿಯಾರದ ಟಿಕ್ ಟಿಕ್. ಕಪಾಟಿನೊಳಗೆ ಏನೋ ಕಾಗದ ಮೆಲ್ಲುವ ಸರಸರ. ತಲೆಯ ಮೇಲೆ ಯಾರೋ ಅತ್ತಿಂದಿತ್ತ ನಡೆದಾಡುವ ಹೆಜ್ಜೆ. ಆ ಕಟ್ಟಡಕ್ಕೆ ಮಹಡಿಯೇ ಇರಲಿಲ್ಲ.

ಒಬ್ಬೊಬ್ಬರಾಗಿ ಎದ್ದು ಬಂದು ಮಾಮನ ಸುತ್ತ ನಿಂತರು.

"ಲಕ್ವಾ ಹೊಡೆದಿರ್ಬೇಕು," ಎಂದು ಪಿಸುಗುಟ್ಟಿದರು ಟೈಪಿಸ್ಟ್ ಅಕ್ಕ.

"ಇಲ್ಲಕ್ಕ, ಮಾತೆಲ್ಲ ಖಾಲಿಯಾಗಿದೆ. ಸ್ಟಾಕು ಎಷ್ಟಂತ ಇರುತ್ತೆ?" ಎಂದ ಎದುರು ಮೇಜಿನ ಗುಮಾಸ್ತ. ಮಾಮ ಇನ್ನೂ ಕಣ್ಣು ಬಿಟ್ಟುಕೊಂಡು ನಿಂತಿರುವಾಗಲೇ, ಫ್ಯಾನಿನ ಕೆಳಗಿದ್ದ ಮಾಮನ ಕುರ್ಚಿಯಲ್ಲಿ ಕೂತು ನೋಡಿದ.

ಆಫೀಸಿನ ಮಾಲಿ ಬಂದವನೇ ನೆಲದಲ್ಲಿ ಬಿದ್ದಿದ್ದ, ಹಲ್ಲಿನ ಗುರುತಿದ್ದ ಎಲೆ ಎತ್ತಿ ನೋಡಿದ.

"ಅಯ್ಯೋ, ಇದನ್ನ ತಿಂದ್ರಾ? ವಿಷ ಸಾರ್ ಇದು! ಕೆಸುವಿನ ಜಾತಿ, ಅದರ ಅಪ್ಪ. ಗಂಟಲು ಊದಿದ್ರೆ ಉಸಿರೇ ಕಟ್ಟುತ್ತೆ. ನಮ್ಮನೆ ನಾಯಿ ಒಂದ್ಸಲ ಕಚ್ಚಿ ಎರಡು ದಿನ ಬೊಗಳ್ಲೇ ಇಲ್ಲ."

"ಆಮೇಲೆ?" ಎಂದರು ಟೈಪಿಸ್ಟ್ ಅಕ್ಕ.

"ಆಮೇಲೇನು, ಪಕ್ಕದ್ಮನೆಯೋರು ಬಂದು ಗಿಡದ್ದೊಂದು ಕಡ್ಡಿ ಕೇಳಿ ತಗೊಂಡು ಹೋದ್ರು."

ಟೈಪಿಸ್ಟ್ ಅಕ್ಕ ಗಿಡವನ್ನು ತುಸು ಹೆಚ್ಚು ಹೊತ್ತೇ ನೋಡಿದರು.

ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ಮಾಮ ಮೂಗಿನ ಕೆಳಗೆ ಬೆರಳು ಇಟ್ಟಿಟ್ಟು ನೋಡಿಕೊಂಡ. ಡಾಕ್ಟರ ಹತ್ತಿರ ಓಡೋಣವೆನ್ನುವಷ್ಟರಲ್ಲಿ ಮೂರು ಹೊಡೆಯಿತು. ಜೀವವೋ ಹುದ್ದೆಯೋ? ಪಾಪ, ಇಪ್ಪತ್ತು ವರ್ಷ ಕಾದ ಮನುಷ್ಯ. ಹುದ್ದೆಯ ಕಡೆಗೇ ನಡೆದ.

ಒಳಗೆ ಸಾಹೇಬರೇ ಅರ್ಧ ಗಂಟೆ ಮಾತಾಡಿದರು. ತಮ್ಮ ಸಕ್ಕರೆ ಕಾಯಿಲೆ, ಮಗಳ ಹಟ, ಮೇಲಿನವರ ದರ್ಪ. ನಾಲಿಗೆಯ ಉರಿಗೆ ಮಾಮನ ಕಣ್ಣಲ್ಲಿ ನೀರು ಧಾರೆಧಾರೆಯಾಗಿ ಇಳಿಯಿತು.

"ನನ್ನ ಕಷ್ಟಕ್ಕೆ ಕಣ್ಣೀರು ಹಾಕಿದ ಮೊದಲನೇ ಮನುಷ್ಯ ನೀವು ಕಣ್ರೀ," ಎಂದರು ಸಾಹೇಬರು. "ನಿಮ್ಮ ಬಾಯಿಗೆ ಹೆದರಿ ಐದು ವರ್ಷ ಫೈಲ್ ತಡೆದಿದ್ದೆ. ಹುದ್ದೆ ನಿಮಗೇ. ಆದ್ರೆ ಆರು ತಿಂಗಳು ನೋಡ್ತೀನಿ, ಇದೇ ಮೌನ ಇರ್ಬೇಕು. ಒಂದು ಮಾತು ಜಾಸ್ತಿಯಾದ್ರೂ ಹಳೇ ಜಾಗಕ್ಕೇ ಹೋಗ್ತೀರಿ."

ಬಾಗಿಲ ಹಿಂದೆ ಇಡೀ ಆಫೀಸು ಕಿವಿಗೊಟ್ಟು ನಿಂತಿತ್ತು.

ಆದೇಶದ ಪತ್ರ ಕೈಗೆ ಬರುವಷ್ಟರಲ್ಲಿ ಎಲ್ಲರೂ ಮನೆಗೆ ಹೋಗಿದ್ದರು. ಹೊರಡುವಾಗ ಮಾಮ ನೋಡಿದ: ಕುಂಡ ಇರಲಿಲ್ಲ. ಧೂಳಿನಲ್ಲಿ ಅದರ ದುಂಡನೆಯ ಗುರುತು ಮಾತ್ರ ಉಳಿದಿತ್ತು. ಸಂತೋಷದ ಭರದಲ್ಲಿ ಅದನ್ನು ಅಲ್ಲೇ ಮರೆತ. ಮನೆ ಮುಟ್ಟುವಾಗ ನಾಲಿಗೆಯ ಬಾವೂ ತುಸು ಇಳಿದಿತ್ತು.

"ಲೇ, ಹೆಡ್ ಕ್ಲರ್ಕ್ ಆದೆ ಕಣೇ!" ಎಂದು ತೊದಲಿದ.

ಹೆಂಡತಿ ಮೆಲ್ಲಗೆ ನಕ್ಕಳು. "ಗೊತ್ತು ಕಣ್ರೀ. ಟೈಪಿಸ್ಟ್ ಅಕ್ಕ ಬಂದು ಎಲ್ಲ ಹೇಳಿ ಹೋದ್ರು. ಆರು ತಿಂಗಳಂತೆ. ನಿಮ್ಮ ಕೈಲಿ ಆರು ನಿಮಿಷ ಆಗುತ್ತಾ? ಅದಕ್ಕೇ ಒಂದು ವ್ಯವಸ್ಥೆ ಮಾಡಿದೀನಿ."

ಊಟದ ಮೇಜಿನ ನಡುವೆ ಆ ಕುಂಡ ಕೂತಿತ್ತು. ಮಾಮ ಎಲೆ ಎಣಿಸಿದ. ಐದು. ಆರನೆಯದನ್ನು ಯಾರೋ ಚಾಕುವಿನಿಂದ ನೀಟಾಗಿ ಕೊಯ್ದಿದ್ದರು. ಪಕ್ಕದಲ್ಲಿ ತಟ್ಟೆ ಮುಚ್ಚಿಟ್ಟ ಒಂದು ಲೋಟ.

"ನುಂಗ್ಬೇಡಿ, ಸುಮ್ನೆ ಬಾಯಿ ಮುಕ್ಕಳಿಸಿ," ಎಂದಳು ಹೆಂಡತಿ, ಅಕ್ಕರೆಯಿಂದ.

ಮಾಮ ಕಿಟಕಿಯತ್ತ ತಿರುಗಿದ. ಅಕ್ಕಪಕ್ಕದವರೆಲ್ಲ ಅಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಮುಂದೆ ಎದುರು ಮನೆಯ ಸೊಸೆ. ಅವಳಿಗೆ ಗೊತ್ತಾಗದಂತೆ ಹಿಂದೆ ಅವಳ ಅತ್ತೆ. ಇಬ್ಬರ ಕೈಯಲ್ಲೂ ಒಂದೊಂದು ಖಾಲಿ ಕುಂಡ. ಎಲ್ಲರ ಕಣ್ಣೂ ಲೋಟದ ಮೇಲೆ.

ಕಾಪಾಡಿ ಎಂದು ಕೂಗಲು ಮಾಮ ಬಾಯಿ ತೆರೆದ. ಹೆಂಡತಿ ಕಾಯುತ್ತಿದ್ದುದೂ ಅದನ್ನೇ.